ಮೇಲಿನ ಹೊಲ ಮತ್ತು ಮಕಾಡಮಿಯಾ

17 ನವೆಂಬರ್ 2024, ಕರೋಶಿ

ಮೇಲಿನ ಹೊಲದ ಕಬ್ಬು ಕಾರ್ಖಾನೆಗೆ ಹೋಯಿತು. ಇನ್ನೊಂದು ಕುಳೆ ಬಿಡುವ ಹಾಗಿಲ್ಲ, ಬುಡಗಳೆಲ್ಲ ಸೊರಗಿವೆ. ಆ ಒಂದು ಎಕರೆಗೆ ಮುಂದೇನು ಎಂಬ ಮಾತು ಮನೆಯಲ್ಲಿ ದಿನಾ ನಡೆದಿದೆ. ಇವತ್ತು ಮಗ ಚಿಕ್ಕೋಡಿಗೆ ಹೋದವನು ಬಣ್ಣದ ಹಾಳೆಯೊಂದನ್ನು ತಂದು ನನ್ನ ಮುಂದೆ ಇಟ್ಟ. ಮಕಾಡಮಿಯಾ ಸಸಿಗಳ ಹಾಳೆ. ದುಂಡಗಿನ ಕಂದು ಕಾಯಿ, ಒಡೆದಾಗ ಒಳಗೆ ಬೆಣ್ಣೆ ಬಣ್ಣದ ಬೀಜ, ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಕಿಲೋ ಬೆಲೆ.

"ಅವ್ವಾ, ಇದನ್ನೊಮ್ಮಿ ನೋಡು. ಒಮ್ಮಿ ಹಚ್ಚಿದ್ರ ಐವತ್ತ ವರ್ಷ ಚಿಂತಿ ಇಲ್ಲ ಅಂತಾರ" ಅಂದ.

"ಐವತ್ತ ವರ್ಷ ನಿಲ್ಲೂ ಗಿಡಕ್ಕ ಐದ ತಿಂಗಳರೆ ವಿಚಾರ ಮಾಡೂಣಪಾ" ಅಂದೆ. ಅವನಿಗೆ ಸಿಟ್ಟು ಬರಲಿಲ್ಲ. ಕಬ್ಬಿನ ಬಿಲ್ಲಿಗೆ ಕಾದು ಕಾದು ಅವನು ಬೇಸತ್ತಿರುವುದು ನನಗೂ ಗೊತ್ತು. ಹೊಸದನ್ನು ಹುಡುಕುವ ಹುಡುಗನನ್ನು ಕೂಡಿಸಿ ಬುದ್ಧಿ ಹೇಳುವುದಕ್ಕಿಂತ ಆ ಗಿಡವನ್ನೇ ಸರಿಯಾಗಿ ಓದಿ ತಿಳಿಯುವುದು ನ್ಯಾಯ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದು ಮನೆಯ ಹೊಲಕ್ಕಾದರೂ ಬರಬೇಕಲ್ಲ.

ಹಾಳೆಯ ಮೂಲೆಯಲ್ಲಿ ಸಣ್ಣಗೆ ‘ಪ್ರೋಟಿಯೇಸಿ ಕುಟುಂಬ’ ಎಂದು ಬರೆದಿತ್ತು. ಓದಿದ ಕೂಡಲೇ ಎದ್ದು ಹಿತ್ತಲಿಗೆ ಹೋದೆ. ಮೂಡಣ ಬದುವಿನ ಮೇಲೆ ಗಾಳಿ ತಡೆಯಲಿ ಎಂದು ನಮ್ಮ ಮನೆಯವರು ಹಚ್ಚಿದ್ದ ಸಿಲ್ವರ್ ಓಕ್ ಸಾಲು ನಿಂತಿದೆ. ಅದೂ ಇದೇ ಕುಟುಂಬದ ಮರ. ಸೀಮೆಯೂ ಒಂದೇ: ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಮಕಾಡಮಿಯಾದ ದಾಯಾದಿ ನಮ್ಮ ಬದುವಿನ ಮೇಲೆಯೇ ಇಷ್ಟು ವರ್ಷ ನಿಂತಿದೆ ಎಂದು ಮಗನಿಗೆ ಹೇಳಿದಾಗ ಅವನ ಮುಖ ಅರಳಿತು. ‘ಅದು ಬಂದಿದ್ದರೆ ಇದೂ ಬರುತ್ತದೆ’ ಎಂದು ಅವನ ಲೆಕ್ಕ. ಕುಟುಂಬ ಒಂದಾದ ಮಾತ್ರಕ್ಕೆ ಸ್ವಭಾವ ಒಂದಾಗುವುದಿಲ್ಲ, ಆದರೂ ವಿಚಾರ ಶುರು ಮಾಡಲು ಇದು ಒಳ್ಳೆಯ ಜಾಗ.

24 ನವೆಂಬರ್ 2024

ವಾರವಿಡೀ ಓದಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಮಕಾಡಮಿಯಾದಲ್ಲಿ ನಾಲ್ಕು ಜಾತಿ. ತಿನ್ನಲು ಬೆಳೆಯುವುದು ಎರಡನ್ನು, ಮತ್ತು ಅವೆರಡರ ಮಿಶ್ರತಳಿಗಳನ್ನು. ಇಂಟೆಗ್ರಿಫೋಲಿಯಾದ ಓಡು ನುಣುಪು, ಎಲೆಗಳು ಗಿಣ್ಣಿಗೆ ಮೂರು ಮೂರು, ಹೂ ಕೆನೆಬಿಳಿ. ಟೆಟ್ರಾಫಿಲ್ಲಾದ ಓಡು ಒರಟು, ಎಲೆ ನಾಲ್ಕು ನಾಲ್ಕು, ಅಂಚಿಗೆ ಮುಳ್ಳು, ಹೂ ಗುಲಾಬಿ. ಉಳಿದೆರಡರ ಬೀಜ ಕಹಿ, ಅದರಲ್ಲಿ ಸಯನೈಡ್ ಬಿಡುವ ವಿಷಾಂಶವಿದೆ. ನಿತ್ಯಹಸಿರು ಮರ, 12ರಿಂದ 15 ಮೀಟರ್ ಎತ್ತರ ಹೋಗುತ್ತದೆ. ಕಸಿ ಗಿಡ ಐದಾರು ವರ್ಷಕ್ಕೆ ಕಾಯಿ ತೋರಿಸುತ್ತದೆ, ಪೂರ್ತಿ ಫಸಲಿಗೆ ಬರಲು 12 ವರ್ಷವಾದರೂ ಬೇಕು. ಬೀಜದಿಂದ ಎಬ್ಬಿಸಿದ ಸಸಿ ಇನ್ನೂ ತಡ, ಮೇಲಾಗಿ ಯಾವ ಮರದ ಕಾಯಿ ಹೇಗಿರುತ್ತದೆ ಎಂದು ಹೇಳುವಂತಿಲ್ಲ. ಮಗ ತಂದ ಹಾಳೆಯಲ್ಲಿ ಸಸಿ ಕಸಿಯದೋ ಬೀಜದ್ದೋ ಎಂಬ ಮಾತೇ ಇಲ್ಲ. ತಳಿಯ ಹೆಸರೂ ಇಲ್ಲ. ಫೋನ್ ಮಾಡಿ ಕೇಳು ಅಂದಿದ್ದೇನೆ.

ಮುಖ್ಯವಾದದ್ದು ಹವೆ ಮತ್ತು ಮಣ್ಣು. ಹೂಮೊಗ್ಗು ಕಟ್ಟಲು ರಾತ್ರಿ 15ರಿಂದ 18 ಡಿಗ್ರಿಯ ತಂಪು ಬೇಕು. ಇದು ನಮ್ಮಲ್ಲಿದೆ, ಮಾರ್ಗಶಿರ ಪುಷ್ಯದ ರಾತ್ರಿಗಳು ಅದಕ್ಕಿಂತಲೂ ತಣ್ಣಗೆ. ಆದರೆ ಹಗಲು 30 ಡಿಗ್ರಿ ದಾಟಿದರೆ ಅದರ ಬೆಳವಣಿಗೆ ಕುಗ್ಗುತ್ತದೆ. ನಮ್ಮ ಎಪ್ರಿಲ್ 38-40ಕ್ಕೆ ಹೋಗುತ್ತದೆ, ಅದೂ ಒಣ ಗಾಳಿಯೊಂದಿಗೆ, ಅದೂ ಎಳೆಕಾಯಿ ಕೂತಿರುವ ಹೊತ್ತಿನಲ್ಲಿ. ಮಳೆ ವರ್ಷಕ್ಕೆ 1,000 ಮಿಲಿಮೀಟರಿಗೆ ಕಡಿಮೆಯಾಗಬಾರದು, ಎರಡು ಸಾವಿರವಾದರೆ ಇನ್ನೂ ಸುಖ. ಖಾನಾಪುರದ ಕಡೆ, ಕಣಕುಂಬಿಯ ಕಡೆ ಆ ಮಳೆ ಇದೆ. ಚಿಕ್ಕೋಡಿ ಸೀಮೆಯಲ್ಲಿ ಬೀಳುವುದು ಆ ಸಾವಿರಕ್ಕಿಂತ ಬಹಳ ಕಡಿಮೆ. ಉಳಿದದ್ದನ್ನು ಬೋರ್ ನೀರಿನಿಂದ ತುಂಬಬೇಕು.

ಮಣ್ಣು ತುಸು ಹುಳಿ ಇರಬೇಕು, ಪಿಎಚ್ 5ರಿಂದ 6.5. ನೀರು ನಿಲ್ಲಬಾರದು. ಬೇರು ಆಳಕ್ಕೆ ಹೋಗದೆ ಮೇಲುಮೇಲೆಯೇ ಹರಡುತ್ತದೆ, ಆದ್ದರಿಂದ ಜೋರು ಗಾಳಿಗೆ ಮರ ಬುಡಸಮೇತ ಉರುಳುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೇರಿನ ಸಂಗತಿ. ಈ ಕುಟುಂಬದ ಮರಗಳು ರಂಜಕ ತೀರ ಕಡಿಮೆ ಇರುವ ಮಣ್ಣಿನಲ್ಲಿ ಬದುಕಿ ಬಂದವು. ಅಲ್ಲಿ ಸಿಕ್ಕ ಚೂರು ಪಾರು ರಂಜಕವನ್ನು ಹೀರಿಕೊಳ್ಳಲು ಬೇರಿನ ತುದಿಯಲ್ಲಿ ದಟ್ಟವಾದ ಸಣ್ಣ ಬೇರುಗಳ ಗೊಂಚಲು ಬಿಡುತ್ತವೆ, ಅವು ಆಮ್ಲ ಸೂಸಿ ಮಣ್ಣಿನಲ್ಲಿ ಬಂಧಿಯಾದ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಅಷ್ಟು ಸಮರ್ಥ ಬೇರಿನ ಬುಡಕ್ಕೆ ಬೊಗಸೆಗಟ್ಟಲೆ ರಂಜಕ ಸುರಿದರೆ ಗಿಡಕ್ಕೆ ಅದು ಅಜೀರ್ಣ. ಕಬ್ಬಿಣದಂಶ ಎಳೆದುಕೊಳ್ಳಲಾಗದೆ ಎಲೆ ಹಳದಿಗಟ್ಟುತ್ತದೆ. ಡಿಎಪಿ ಇಲ್ಲದೆ ಯಾವ ಕೆಲಸವನ್ನೂ ಶುರು ಮಾಡದ ಊರು ನಮ್ಮದು. ಕಬ್ಬಿಗೆ ಹಾಕಿ ಹಾಕಿ ಆ ಎಕರೆಯಲ್ಲಿ ಎಷ್ಟು ಕೂಡಿದೆಯೋ ಏನೋ, ಪರೀಕ್ಷೆ ಮಾಡಿಸದೆ ಮುಂದಿನ ಮಾತಿಲ್ಲ.

9 ಡಿಸೆಂಬರ್ 2024

ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿನ ಕಡೆ ಕೊಟ್ಟು ಬಂದಿದ್ದ ಮಣ್ಣಿನ ಫಲಿತಾಂಶ ಬಂತು. ಪಿಎಚ್ 8.2. ಸುಣ್ಣದಂಶ ಹೆಚ್ಚು. ರಂಜಕ ಹೆಚ್ಚು.

ಮಗ ಕಾಗದ ಹಿಡಿದು ಬಹಳ ಹೊತ್ತು ಕೂತ. ಪಿಎಚ್‌ನಲ್ಲಿ ಒಂದು ಅಂಕಿ ಎಂದರೆ ಹತ್ತು ಪಟ್ಟು ಎಂದು ತಿಳಿಸಿ ಹೇಳಿದೆ. 6.2ಕ್ಕೂ 8.2ಕ್ಕೂ ನೂರು ಪಟ್ಟು ಅಂತರ. ಗಂಧಕ ಹಾಕಿ ಇಳಿಸಬಹುದಲ್ಲ ಎಂದು ಕೇಳಿದ. ಒಂದು ಗುಂಡಿಯ ಮಣ್ಣನ್ನು ಇಳಿಸಬಹುದು. ಎಕರೆಗಟ್ಟಲೆ ಎರೆಯ ಕೆಳಗೆ ಮೊಳಕಾಲುದ್ದ ಹೋದರೆ ಸಿಗುವ ಸುಣ್ಣದ ಹರಳುಗಳನ್ನು ಯಾರು ಹೊತ್ತು ಹಾಕುತ್ತಾರೆ? ಹಾಕಿದ ಗಂಧಕವನ್ನೆಲ್ಲ ಆ ಸುಣ್ಣ ನುಂಗುತ್ತಲೇ ಇರುತ್ತದೆ. ಬೋರಿನ ಗಡಸು ನೀರು ಮೇಲಿಂದ ಮತ್ತೆ ಸುಣ್ಣ ತಂದು ಸುರಿಯುತ್ತದೆ. ಕುಳೆ ಕಬ್ಬಿನ ಸುಳಿ ಬೇಸಿಗೆಯಲ್ಲಿ ಹಳದಿಯಾಗುವುದೂ ಇದೇ ಕಾರಣಕ್ಕೆ, ಅದನ್ನು ಅವನೇ ನೋಡಿದ್ದಾನೆ.

ಸಸಿ ಮಾರುವವರು ಫೋನಿನಲ್ಲಿ ಯಾವ ಮಣ್ಣಿಗಾದರೂ ಬರುತ್ತದೆ ಅಂದರಂತೆ. ಮಣ್ಣಿನ ಕಾಗದ ಕೈಯಲ್ಲಿ ಹಿಡಿದವನಿಗೆ ಆ ಮಾತು ಸಾಲಲಿಲ್ಲ. ನನಗೆ ಸಮಾಧಾನವಾದದ್ದು ಅದೇ.

15 ಜನವರಿ 2025

ನಿನ್ನೆ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಮೊಮ್ಮಕ್ಕಳಿಗೆ ಕುಸುರೆಳ್ಳು ಕಳಿಸಿಯಾಯಿತು. ಮುಂಜಾನೆ ಗೋಡೆಯ ಮೇಲಿನ ಉಷ್ಣಮಾಪಕ 13 ತೋರಿಸುತ್ತಿತ್ತು.

ಮಗಳು ಫೋನ್ ಮಾಡಿ, ಕೊಡಗಿನ ಸಿದ್ದಾಪುರದಲ್ಲಿ ತಮ್ಮ ಪರಿಚಯದವರ ಕಾಫಿ ತೋಟದಲ್ಲಿ ಮಕಾಡಮಿಯಾ ಮರಗಳಿವೆ, ಈಗ ಹೂ ಬಿಟ್ಟಿವೆ, ಬಂದು ನೋಡಿ ಅಂದಳು. ಕಣ್ಣಿಂದ ನೋಡದೆ ತೀರ್ಮಾನ ಹೇಳಿದರೆ ಮಗನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಬಿಡುತ್ತದೆ. ಇಬ್ಬರೂ ಹೋಗುವುದು. ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಮೈಸೂರು, ಅಲ್ಲಿಂದ ಬಸ್ಸು.

28 ಜನವರಿ 2025, ಸಿದ್ದಾಪುರ, ಕೊಡಗು

ರೋಬಸ್ಟಾ ಕೊಯ್ಲು ಭರದಲ್ಲಿದೆ. ಕಣದ ತುಂಬ ಕೆಂಪು ಹಣ್ಣು ಹರವಿದ್ದಾರೆ. ತೋಟದೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ನಮ್ಮ ಬದುವಿನ ಮರವೇ: ಸಿಲ್ವರ್ ಓಕ್, ನೆಟ್ಟಗೆ ಮುಗಿಲಿಗೆ ಹೋಗಿದೆ, ಮೈತುಂಬ ಕಾಳುಮೆಣಸಿನ ಬಳ್ಳಿ. ಇಲ್ಲಿ ಅದಕ್ಕೆ ಬರೀ ‘ಸಿಲ್ವರ್’ ಎನ್ನುತ್ತಾರೆ. ಅದರ ದಾಯಾದಿಯನ್ನು ತೋಟದ ಅಂಚಿನ ತಗ್ಗಿನ ಇಳಿಜಾರಿಗೆ, ನೀರು ಬಸಿದು ಹೋಗುವ ಕಡೆ ಹಚ್ಚಿದ್ದಾರೆ.

ಮರದ ಕೆಳಗೆ ಮಧ್ಯಾಹ್ನದವರೆಗೂ ಇದ್ದೆ. ಎಲೆ ದಪ್ಪ, ಹೊಳಪು, ಗಿಣ್ಣಿಗೆ ಮೂರು. ಹಾಗಾದರೆ ಇಂಟೆಗ್ರಿಫೋಲಿಯಾದ ರಕ್ತ ಹೆಚ್ಚು. ಹೂ ನೋಡಬೇಕು. ಗೇಣುದ್ದದ ಜಡೆ ಜಡೆಯಾಗಿ ಕೊಂಬೆಯ ಒಳಭಾಗದಿಂದ ಕೆಳಕ್ಕೆ ಇಳಿಬಿದ್ದಿವೆ. ಹೊರಗಿನಿಂದ ನೋಡಿದರೆ ಎಲೆ ಮರೆಯಲ್ಲಿ ಕಾಣುವುದೇ ಇಲ್ಲ, ಕೊಂಬೆ ಸರಿಸಿ ಒಳಗೆ ತಲೆ ಹಾಕಿದರೆ ಮಾತ್ರ ಅಷ್ಟೊಂದು ಹೂ. ಒಂದು ಜಡೆಯಲ್ಲಿ ನೂರರಿಂದ ಮುನ್ನೂರರವರೆಗೆ ಸಣ್ಣ ಹೂ. ಒಂದೊಂದಕ್ಕೂ ಹೊರಗೆ ಚಾಚಿದ ಉದ್ದನೆಯ ಕೇಸರದಂಥ ದಂಡ. ಜೇನಿನ ವಾಸನೆ ತೆಳುವಾಗಿ ಬರುತ್ತದೆ. ಇಷ್ಟು ಹೂವಿನಲ್ಲಿ ಕಾಯಿಯಾಗಿ ಬಲಿಯುವುದು ನೂರಕ್ಕೆ ಮೂರೋ ನಾಲ್ಕೋ, ಒಂದು ಜಡೆಗೆ ಒಂದು ಹಿಡಿ ಕಾಯಿಯಾದರೆ ದೊಡ್ಡದು. ಹೂವಿನಲ್ಲಿ ಪರಾಗ ಮೊದಲು ಉದುರಿ, ಆಮೇಲೆ ಶಲಾಕೆಯ ತುದಿ ಹದಕ್ಕೆ ಬರುತ್ತದೆ. ತನ್ನದೇ ಪರಾಗಕ್ಕೆ ಮರ ಅಷ್ಟಾಗಿ ಒಲಿಯುವುದಿಲ್ಲ. ಆದ್ದರಿಂದ ಎರಡು ಬೇರೆ ತಳಿ ಹತ್ತಿರ ಹತ್ತಿರ ಇರಬೇಕು, ಜೇನು ಬೇಕು. ಆಸ್ಟ್ರೇಲಿಯಾದಲ್ಲಿ ಕೊಂಡಿಯಿಲ್ಲದ ಸಣ್ಣ ಜೇನು ಈ ಕೆಲಸ ಮಾಡುತ್ತದೆ. ನಮ್ಮ ಮುಜಂಟಿ ಜೇನು ಅದೇ ಗುಂಪಿನದು. ನಾನು ನಿಂತಿದ್ದಾಗಲೂ ಜಡೆಯ ಮೇಲೆ ಸಣ್ಣ ಕರಿ ಜೇನು ಕೂತಿದ್ದವು.

ಕಾಯಿ ಕೊಯ್ಯುವ ಹಾಗಿಲ್ಲ, ಬಲಿತದ್ದು ತಾನಾಗಿ ಉದುರಬೇಕು. ಹೂವಿನಿಂದ ಅಲ್ಲಿಗೆ ಏಳೆಂಟು ತಿಂಗಳು. ಮಳೆಗಾಲದ ಕೊನೆಗೆ ಬಿದ್ದು ಯಾರ ಕೈಗೂ ಸಿಗದೆ ದರಗಿನಲ್ಲಿ ಉಳಿದಿದ್ದ ಕೆಲವನ್ನು ಮಗ ಹೆಕ್ಕಿದ. ಹಸಿರು ಸಿಪ್ಪೆ ಒಣಗಿ ಒಂದು ಬದಿಗೆ ಸೀಳಿತ್ತು, ಅದನ್ನು ಬಿಡಿಸಿದರೆ ಒಳಗೆ ಗೋಲಿಯಂಥ ಕಾಯಿ. ತಲೆಯ ಮೇಲೆ ಒಂದು ಬಿಳಿ ಚುಕ್ಕೆ. ಸುತ್ತಿಗೆ ಏಟಿಗೆ ಅದು ಸಿಡಿದು ಕಾಫಿ ಗಿಡದ ಬುಡಕ್ಕೆ ಹೋಗಿ ಬಿತ್ತು. ಕಲ್ಲಿನ ಗುಳಿಯಲ್ಲಿಟ್ಟು ಹೊಡೆದರೂ ಕಾಯಿ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಶೆಡ್ಡಿನಲ್ಲಿದ್ದ ಬೆಂಚ್‌ವೈಸ್‌ಗೆ ಸಿಕ್ಕಿಸಿ ತಿರುಗಿಸಿದಾಗ ಟಪ್ಪೆಂದು ಬಿರಿಯಿತು. ಈ ಓಡು ಒಡೆಯಲು ಚದರ ಇಂಚಿಗೆ 300 ಪೌಂಡ್ ಒತ್ತಡ ಬೇಕೆಂದು ಓದಿದ್ದೆ, ಕೈಗೆ ಗೊತ್ತಾದದ್ದು ಇವತ್ತು.

ಓಡಿನ ಒಳಮೈ ನೋಡಿ ಬೆರಗಾದೆ. ಅರ್ಧ ಕಂದು, ಅರ್ಧ ದಂತದಂಥ ಬಿಳಿ, ಎರಡೂ ಸೇರುವಲ್ಲಿ ಒಂದು ಚೊಕ್ಕ ಗೆರೆ, ಎರಡಕ್ಕೂ ಒರೆಸಿಟ್ಟ ಹೊಳಪು. ಬೀಜ ಹಳತಾದ್ದರಿಂದ ತುಸು ಕಮಟಿತ್ತು. ತೋಟದ ಮನೆಯವರು ಡಬ್ಬಿಯಿಂದ ಒಣಗಿಸಿ ಹುರಿದಿಟ್ಟ ಬೀಜ ತಂದುಕೊಟ್ಟರು. ಹಲ್ಲಿಗೆ ಮೊದಲು ಗರಿ, ಆಮೇಲೆ ಕರಗಿ ಬೆಣ್ಣೆ. ಮಗ ನನ್ನ ಮುಖ ನೋಡಿದ. ನಿಜವಾಗಿ ರುಚಿ ಅಂದೆ. ರುಚಿಯ ಬಗ್ಗೆ ನನ್ನ ತಕರಾರು ಎಂದೂ ಇರಲಿಲ್ಲ.

30 ಜನವರಿ 2025, ಸಿದ್ದಾಪುರ

ತೋಟದ ಹಿರಿಯರು ಮೊನ್ನೆಯೇ ಒಂದು ಮಾತು ಹೇಳಿದ್ದರು: ಇದು ಅವರಿಗೆ ಮುಖ್ಯ ಬೆಳೆಯಲ್ಲ, ಕಾಫಿ, ಮೆಣಸಿನ ಜೊತೆ ನಿಂತಿರುವ ಒಂದು. ನೆರಳೂ ಆಯಿತು, ನಾಲ್ಕು ಕಾಸೂ ಆಯಿತು. ಬೆಣ್ಣೆಹಣ್ಣು, ರಂಬುಟಾನ್ ಇವೂ ಹೀಗೆಯೇ ಇಲ್ಲಿನ ತೋಟಗಳಿಗೆ ಸೇರಿಕೊಂಡಿವೆ, ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಅಂಥ ಬೆಳೆಗಳ ಮೇಲೆಯೇ ಕೆಲಸ ಮಾಡುತ್ತದೆ. ಹುಳಿ ಮಣ್ಣು, ದರಗಿನ ಹಾಸು, ಮಳೆ, ಎತ್ತರದ ತಂಪು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಈ ಮರಕ್ಕೆ ಬೇಕಾದದ್ದೆಲ್ಲ ಮೊದಲೇ ಇದೆ.

ರಾತ್ರಿ ಮಗನೂ ಅಳಿಯಂದಿರೂ ಕೂತು ಲೆಕ್ಕ ಹಾಕಿದರು, ನಾನು ಬರೆದುಕೊಂಡೆ. 8 ಮೀಟರ್ ಸಾಲು, 5 ಮೀಟರ್ ಗಿಡದ ಅಂತರ ಎಂದರೆ ಎಕರೆಗೆ ಸುಮಾರು 100 ಮರ. ಹದವಾದ ಸೀಮೆಯಲ್ಲಿ ಬಲಿತ ಮರಕ್ಕೆ 15ರಿಂದ 25 ಕೆಜಿ ಓಡು ಸಹಿತ ಕಾಯಿ. ಹಾಳೆಯಲ್ಲಿದ್ದ ಬೆಲೆ ಬೀಜದ್ದು, ಓಡಿನದಲ್ಲ. ಓಡು ಒಡೆದ ಮೇಲೆ ಕೈಗೆ ಬರುವ ಬೀಜ ತೂಕದಲ್ಲಿ ಮೂರರಲ್ಲೊಂದು, ಒಳ್ಳೆಯ ತಳಿಯಾದರೆ ನೂರಕ್ಕೆ 40 ದಾಟುತ್ತದೆ. ಇದಕ್ಕೂ ‘ರಿಕವರಿ’ ಅಂತಲೇ ಹೇಳುತ್ತಾರೆ ಎಂದಾಗ ಮಗ ನಕ್ಕ. ರಿಕವರಿ ಎಂಬ ಮಾತನ್ನು ಬೆಳಗಾವಿ ಜಿಲ್ಲೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ಕನಿಷ್ಠ ದರ, ಎಫ್ಆರ್‌ಪಿ, ಕ್ವಿಂಟಲಿಗೆ 340 ರೂಪಾಯಿ ಇತ್ತು, ಅದೂ ನೂರಕ್ಕೆ 10.25 ಸಕ್ಕರೆ ರಿಕವರಿಗೆ. ರಿಕವರಿ ಅಳೆಯುವವರು ಯಾರು, ಅದು ಯಾರ ಕಣ್ಣೆದುರಿಗೆ ಎಂಬ ಪ್ರಶ್ನೆ ಕಬ್ಬಿಗೆ ಎಷ್ಟಿದೆಯೋ ಇದಕ್ಕೂ ಅಷ್ಟೇ.

ಇದಕ್ಕಿಂತ ಕಷ್ಟದ್ದು ಒಣಗಿಸುವುದು. ಬಿದ್ದ ಕಾಯಿಯ ಹಸಿರು ಸಿಪ್ಪೆಯನ್ನು ಒಂದು ದಿನದೊಳಗೆ ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಕಾವು ಹುಟ್ಟಿ ಬೀಜ ಕೆಡುತ್ತದೆ. ಆಮೇಲೆ ಓಡಿನೊಂದಿಗೆ ನೆರಳಿನ ಗಾಳಿಯಲ್ಲಿ ಶೇಕಡಾ 10 ತೇವಕ್ಕೆ ಇಳಿಸಿ, ಮುಂದೆ ಸಣ್ಣ ಕಾವಿನಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತ ಬೀಜದ ತೇವವನ್ನು ಶೇಕಡಾ ಒಂದೂವರೆಗೆ ತರಬೇಕು. ಹಸಿಯಿರುವಾಗಲೇ ಕಾವು ಕೊಟ್ಟರೆ ಬೀಜದ ನಡುವೆ ಕಂದುಗಟ್ಟುತ್ತದೆ. ಅಷ್ಟು ಒಣಗಿದಾಗ ಮಾತ್ರ ಬೀಜ ಓಡಿನಿಂದ ಬಿಟ್ಟುಕೊಂಡು ಒಡೆಯುವಾಗ ಇಡಿಯಾಗಿ ಉಳಿಯುತ್ತದೆ, ಇಡಿ ಬೀಜಕ್ಕೇ ಬೆಲೆ. ಬೀಜದಲ್ಲಿ ನೂರಕ್ಕೆ 72ಕ್ಕಿಂತ ಹೆಚ್ಚು ಎಣ್ಣೆ, ಆದ್ದರಿಂದ ತುಸು ತೇವ ಉಳಿದರೂ ಕಮಟು. ಇದಕ್ಕೆಲ್ಲ ಯಂತ್ರ ಬೇಕು, ಯಂತ್ರಕ್ಕೆ ಸುತ್ತಲಿನ ಹಲವು ತೋಟಗಳ ಕಾಯಿ ಬೇಕು. ಕರೋಶಿಯಲ್ಲಿ ಒಬ್ಬನೇ ಹಾಕಿದರೆ ಕಾಯಿಯ ಚೀಲ ಹೊತ್ತು ಎಲ್ಲಿಗೆ ಹೋಗುವುದು?

ಉಪಯೋಗದ ಪಟ್ಟಿ ಉದ್ದವಿದೆ. ಹುರಿದು ತಿನ್ನುವುದು, ಚಾಕೊಲೇಟು, ಬಿಸ್ಕೀಟು. ಎಣ್ಣೆಯಲ್ಲಿ ಪಾಲ್ಮಿಟೋಲಿಯಿಕ್ ಎಂಬ ಕೊಬ್ಬಿನಾಮ್ಲ ಐದರಲ್ಲೊಂದು ಪಾಲಿನ ಹತ್ತಿರವಿದೆ, ಸಸ್ಯದ ಎಣ್ಣೆಗಳಲ್ಲಿ ಇದು ವಿರಳ, ನಮ್ಮ ಚರ್ಮದ ಜಿಡ್ಡಿನಲ್ಲೂ ಇರುವಂಥದ್ದು. ಆದ್ದರಿಂದ ಮುಖಕ್ಕೆ, ಕೂದಲಿಗೆ ಹಚ್ಚುವ ವಸ್ತುಗಳಿಗೆ ಬಹಳ ಬಳಕೆ. ಓಡು ಉರುವಲಾಗಿ ಉರಿಯುತ್ತದೆ, ಇದ್ದಿಲಾಗುತ್ತದೆ. ಪ್ರೋಟೀನು ಮಾತ್ರ ನೂರಕ್ಕೆ 8ರ ಹತ್ತಿರ. ನಮ್ಮ ಶೇಂಗಾದಲ್ಲಿ 25. ಮಕ್ಕಳಿಗೆ ಬಲ ಬರಲಿ ಎಂದು ಕೊಡುವುದಾದರೆ ಶೇಂಗಾ ಉಂಡೆಯನ್ನು ಬಿಟ್ಟು ಇದರ ಹಿಂದೆ ಹೋಗುವ ಕಾರಣ ನನಗೆ ಕಾಣುವುದಿಲ್ಲ, ಅದನ್ನು ಮಗಳಿಗೂ ಹೇಳಿದೆ. ಇನ್ನೊಂದು: ನಾಯಿಗೆ ಈ ಬೀಜ ವಿಷ. ತಿಂದ ಕೆಲವೇ ಗಂಟೆಗಳಲ್ಲಿ ಹಿಂಗಾಲು ಬಲ ಕಳೆದುಕೊಂಡು ನಡುಗುತ್ತದೆ.

13 ಫೆಬ್ರವರಿ 2025, ಕರೋಶಿ

ನಿನ್ನೆ ಭಾರತ ಹುಣ್ಣಿಮೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿ ಬಂದೆವು. ಮಹಾರಾಷ್ಟ್ರದ ಕಡೆಯ ಗಾಡಿಗಳೇ ಹೆಚ್ಚು. ಭಂಡಾರದಲ್ಲಿ ಮಿಂದು ಬಂದ ಬಟ್ಟೆ ಇನ್ನೂ ಹಳದಿ.

ಅಲ್ಲಿ ನಿಪ್ಪಾಣಿಯ ನಮ್ಮ ಮಾವನವರು ಸಿಕ್ಕಿದ್ದರು, ಎಂಬತ್ತು ದಾಟಿದೆ. ಮಗ ಮಕಾಡಮಿಯಾ ಕಥೆಯೆಲ್ಲ ಹೇಳಿದ. ಅವರು ಕೇಳಿಕೊಂಡು, "ಬೆಳಿಯೂದು ದೊಡ್ಡದಲ್ಲೋ ತಮ್ಮಾ. ತೊಗೊಳ್ಳಾವ ಎಷ್ಟ ಮಂದಿ ಅದಾರ ಅನ್ನೂದ ನೋಡು. ಇಬ್ಬರ ಇದ್ರ ಅವರ ಹೇಳಿದ್ದ ದರ" ಅಂದರು. ಅವರು ತಂಬಾಕು ಬೆಳೆದವರು. ತಂಬಾಕೂ ಹೊರಗಿನಿಂದ ಬಂದ ಬೆಳೆಯೇ. ನಿಪ್ಪಾಣಿಯ ಮಣ್ಣಿಗೆ ಅದು ಎಷ್ಟು ಒಗ್ಗಿತೆಂದರೆ ಬೀಡಿ ತಂಬಾಕಿಗೆ ಆ ಊರೇ ಹೆಸರಾಯಿತು. ಆದರೂ 1981ರಲ್ಲಿ ಬೆಲೆಗಾಗಿ ಶರದ್ ಜೋಶಿ ಮುಂದಾಳುತನದಲ್ಲಿ ರೈತರು ಹೆದ್ದಾರಿಯ ಮೇಲೆ ಕೂರಬೇಕಾಯಿತು. ಎಪ್ರಿಲ್‌ನಲ್ಲಿ ಗುಂಡು ಹಾರಿ ಜೀವಗಳು ಹೋದವು. ಮಾವನವರು ಆಗ ಅಲ್ಲಿದ್ದರು. ಅದನ್ನು ಹೆಚ್ಚು ಹೇಳಲಿಲ್ಲ, ಯಾವತ್ತೂ ಹೆಚ್ಚು ಹೇಳುವುದಿಲ್ಲ.

ಮಕಾಡಮಿಯಾದ ಬೆಲೆಯೂ ಹೀಗೆಯೇ ಏರಿ ಇಳಿದಿದೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಕೆನ್ಯಾ, ಚೀನಾ ಎಲ್ಲ ಕಡೆ ತೋಟ ಹೆಚ್ಚಿದವು. 2022-23ರಲ್ಲಿ ಆಸ್ಟ್ರೇಲಿಯಾದ ಬೆಳೆಗಾರನ ಕೈಗೆ ಬರುವ ದರ ಹಿಂದಿನದರ ಅರ್ಧಕ್ಕಿಂತ ಕೆಳಗೆ ಹೋಯಿತು. ಮರದ ತವರಿನಲ್ಲೇ ಹೀಗೆ.

6 ಎಪ್ರಿಲ್ 2025

ರಾಮನವಮಿ. ಉರಿ ಬಿಸಿಲು. ಹೊರಗೆ ಕಾಲಿಡುವಂತಿಲ್ಲ, ಮಧ್ಯಾಹ್ನವೆಲ್ಲ ಮಕಾಡಮಿಯಾದ ಇತಿಹಾಸ ಓದುತ್ತ ಕೂತೆ. ಸಿಲ್ವರ್ ಓಕ್ ಕಿತ್ತಳೆ ಬಣ್ಣದ ಹೂ ಬಿಟ್ಟಿದೆ, ಮೇಲೆಲ್ಲ ಗೊರವಂಕಗಳ ಗದ್ದಲ.

ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಾವಿರಾರು ವರ್ಷ ಮಕಾಡಮಿಯಾ ಕಾಯಿ ಆಯ್ದು ಕಲ್ಲಿನಲ್ಲಿ ಒಡೆದು ತಿಂದವರು. ಕಿಂಡಲ್ ಕಿಂಡಲ್, ಜಿಂಡಿಲ್ಲಿ ಎಂದೆಲ್ಲ ಕರೆದವರು. 1857ರಲ್ಲಿ ಫರ್ಡಿನಾಂಡ್ ಫಾನ್ ಮ್ಯೂಲರ್ ಎಂಬ ಸಸ್ಯವಿಜ್ಞಾನಿ ತನ್ನ ಗೆಳೆಯ ಜಾನ್ ಮೆಕಾಡಮ್‌ನ ಹೆಸರು ಇಟ್ಟ. ಮರುವರ್ಷ ಬ್ರಿಸ್ಬೇನ್ ಸಸ್ಯೋದ್ಯಾನದಲ್ಲಿ ವಾಲ್ಟರ್ ಹಿಲ್ ಹಚ್ಚಿದ ಮರ ಈಗಲೂ ಇದೆ. ಬೀಜ ಮೊಳೆಯಲಿ ಎಂದು ಓಡು ಒಡೆಯಲು ಅವನು ಒಬ್ಬ ಹುಡುಗನಿಗೆ ಹೇಳಿದ್ದನಂತೆ, ಹುಡುಗ ಒಡೆಯುತ್ತ ತಿಂದೇ ಬಿಟ್ಟ. ವಿಷದ ಕಾಯಿ ಎಂದುಕೊಂಡಿದ್ದ ಹಿಲ್ ಗಾಬರಿಯಾದ, ಹುಡುಗ ಗಟ್ಟಿಮುಟ್ಟಾಗಿದ್ದ. ಹೀಗೊಂದು ಕಥೆ ಹೇಳುತ್ತಾರೆ.

1880ರ ದಶಕದ ಶುರುವಿಗೆ ವಿಲಿಯಂ ಪರ್ವಿಸ್ ಎಂಬವನು ಹವಾಯಿ ದ್ವೀಪಕ್ಕೆ ಬೀಜ ಒಯ್ದ. ಅವನು ಕಬ್ಬಿನ ತೋಟದ ವ್ಯವಸ್ಥಾಪಕ. ಅಲ್ಲಿ ಈ ಮರ ಮೊದಲು ನಿಂತದ್ದು ಕಬ್ಬಿಗೆ ಗಾಳಿ ತಡೆಯಲು! ನಮ್ಮವರು ಬದುವಿಗೆ ಸಿಲ್ವರ್ ಹಚ್ಚಿದ ಹಾಗೆಯೇ. ಎಷ್ಟೋ ವರ್ಷ ಅದು ಬೆಳೆಯೇ ಆಗಲಿಲ್ಲ. 1922ರಲ್ಲಿ ಅರ್ನೆಸ್ಟ್ ವ್ಯಾನ್ ಟ್ಯಾಸೆಲ್ ತೋಟ ಮಾಡಿದ, ಬೀಜದ ಸಸಿಗಳಾದ್ದರಿಂದ ಒಂದೊಂದು ಮರದ ಕಾಯಿ ಒಂದೊಂದು ಥರ. ಕಸಿ ಕಟ್ಟಿದರೆ ಹತ್ತುತ್ತಿರಲಿಲ್ಲ. ಕಸಿಕಡ್ಡಿ ತೆಗೆಯುವ ಕೆಲವು ವಾರ ಮೊದಲು ಆ ಕೊಂಬೆಯ ಬುಡಕ್ಕೆ ತೊಗಟೆಯ ಉಂಗುರ ಕೆತ್ತಿಬಿಟ್ಟರೆ, ಎಲೆ ಮಾಡಿದ ಪಿಷ್ಟವೆಲ್ಲ ಕಡ್ಡಿಯಲ್ಲೇ ಕೂಡಿ ಕಸಿ ಹತ್ತುತ್ತದೆ ಎಂದು 1937ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ತೋರಿಸಿದರು. ಒಂದು ಕುಡುಗೋಲಿನ ಮೊನೆಯ ಕೆಲಸ. ಅಲ್ಲಿಂದ ಮುಂದೆಯೇ ಕೆಯೌಹೌ, ಕಾಕಿಯಾ ಮುಂತಾದ ತಳಿ ಬಂದವು, ತೋಟ ಬೆಳೆದವು.

2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುವಂತೆ, ಹವಾಯಿಯ ತಳಿಗಳಲ್ಲಿ ಹೆಚ್ಚಿನವು ಕ್ವೀನ್ಸ್‌ಲ್ಯಾಂಡಿನ ಗಿಂಪಿ ಊರಿನ ಹತ್ತಿರದ ಮೂಲೂ ಎಂಬಲ್ಲಿನ ಒಂದು ಪುಟ್ಟ ಗುಂಪಿನ ಮರಗಳ ಸಂತತಿ. ಜಗತ್ತಿನ ತೋಟಗಳ ಬಹುಪಾಲು ಹವಾಯಿ ತಳಿಗಳಿಂದ ಬಂದದ್ದು. ಆ ಕಡೆ ಮೂಲದ ಮಳೆಕಾಡು ಕೃಷಿಗೆಂದು ಕಡಿದು ಹೋಗಿ, ಕಾಡಿನಲ್ಲಿ ನಾಲ್ಕೂ ಜಾತಿ ಅಳಿವಿನ ಅಪಾಯದಲ್ಲಿವೆ. 1983ರಲ್ಲಿ ಪತ್ತೆಯಾದ ಜಾನ್ಸೆನಿ ಜಾತಿಯದು ನೂರರ ಆಸುಪಾಸು ಮರ ಮಾತ್ರ.

ಓದಿ ಮನಸ್ಸಿಗೆ ಕಸಿವಿಸಿಯಾಯಿತು. ನಮ್ಮದೇ ನೋಡಿದರೆ, ಕರೋಶಿಯಿಂದ ಅಥಣಿವರೆಗೆ ಹೋದರೆ ದಾರಿಯುದ್ದಕ್ಕೂ ಕಬ್ಬು, ಅದರಲ್ಲಿ ಬಹುಪಾಲು 86032 ಮತ್ತು 265 ಎಂಬ ತಳಿಗಳು. ಆ ತಳಿಗಳಿಗೆ ಒಂದು ರೋಗ ಹತ್ತಿದರೆ ಇಡೀ ಸೀಮೆಯ ಒಲೆ ತಣ್ಣಗಾಗುತ್ತದೆ. ಮಕಾಡಮಿಯಾ ಬೆಳೆಯುವವರಿಗೆ ಕಡೆಗೆ ತಿರುಗಿ ಹೋಗಲು ಆ ಚೂರು ಕಾಡಾದರೂ ಇದೆ. ಅದಕ್ಕಾಗಿ ಅಲ್ಲಿನವರು ಕಾಡಿನ ಮರಗಳ ಸಸಿ ಮಾಡಿ ಬೇರೆ ಬೇರೆ ಕಡೆ ಬೆಳೆಸಿಡುತ್ತಿದ್ದಾರೆ. ನಮ್ಮ ಹಿರಿಯರ ಕಾಲದ ಜೋಳ, ಶೇಂಗಾ, ಹತ್ತಿಯ ಬೀಜ ಯಾರ ಮನೆಯ ಹಗೆಯಲ್ಲಿ ಉಳಿದಿದೆ? ಒಂದು ಎಕರೆಗೆ ಏನು ಹಾಕುವುದು ಎಂದು ಕೇಳಿಕೊಂಡಾಗಲೆಲ್ಲ ನಾನು ಈಗ ಇದನ್ನೇ ಯೋಚಿಸುತ್ತೇನೆ. ಒಂದೇ ಬೆಳೆಯ ಜಾಗಕ್ಕೆ ಇನ್ನೊಂದೇ ಬೆಳೆ ತಂದು ಕೂರಿಸುವುದು ನನಗೆ ಬೇಡ.

ಸಂಜೆ ಮಗನಿಗೆ ಹೇಳಿಬಿಟ್ಟೆ: ಎಕರೆಗೆ ಬೇಡ. ಎರಡು ಗಿಡ ತರೋಣ, ಹೆಸರಿರುವ ಎರಡು ಬೇರೆ ತಳಿಯ ಕಸಿ, ಮನೆಯ ಹತ್ತಿರ. ನೋಡಿ ಕಲಿಯಲು. ಅವನು ಮೊದಲೇ ಆ ಕಡೆ ಬಂದಿದ್ದ ಅನಿಸುತ್ತದೆ. "ಹತ್ತ ಹಚ್ಚೂಣೇನ?" ಎಂದು ಒಂದು ಮಾತು ಕೇಳಿ ಸುಮ್ಮನಾದ.

8 ಜೂನ್ 2025

ಈ ವರ್ಷ ಮಳೆ ಮೇ ತಿಂಗಳಲ್ಲೇ ಬಂದು ಎಲ್ಲರ ಲೆಕ್ಕ ತಪ್ಪಿಸಿತು. ಮಿರಗ ಕೂಡುವ ಹೊತ್ತಿಗೆ ಮೇಲಿನ ಹೊಲ ಹದವಾಗಿದೆ. ಅಲ್ಲಿ ಶೇಂಗಾ, ನಡುನಡುವೆ ತೊಗರಿ ಸಾಲು. ಹಿಂಗಾರಿಗೆ ಬಿಳಿಜೋಳ. ಬದುವಿಗೆ ಸೀತಾಫಲ, ಅದು ಈ ಸುಣ್ಣದ ನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಬರುತ್ತದೆ.

ಮಗಳು ಕಳಿಸಿದ ಎರಡು ಕಸಿ ಗಿಡಗಳನ್ನು ಇವತ್ತು ಹಚ್ಚಿದೆವು. ಸಿಲ್ವರ್ ಸಾಲಿನ ಪಡುವಣಕ್ಕೆ ಮೊದಲೇ ಮಡ್ಡಿಯ ಕೆಂಪು ಗರಸು ತಂದು ಎರಡಡಿ ಏರಿ ಮಾಡಿಟ್ಟಿದ್ದೆವು. ಅದಕ್ಕೆ ಕೊಳೆತ ಎಲೆಗೊಬ್ಬರ, ಒಂದು ಹಿಡಿ ಗಂಧಕ. ಡಿಎಪಿ ಇಲ್ಲ, ಕೋಳಿಗೊಬ್ಬರವೂ ಇಲ್ಲ, ಅದರಲ್ಲೂ ರಂಜಕ ಹೆಚ್ಚು. ಬೋರ್ ನೀರು ಮುಟ್ಟಿಸಬಾರದೆಂದು ಚಾವಣಿಯ ಮಳೆನೀರಿಗೆ ಟಾಕಿ ಇಟ್ಟಿದ್ದೇವೆ. ಕಸಿಯ ಗಂಟು ಮಣ್ಣಿನ ಮೇಲೆ ಒಂದು ಗೇಣು ಉಳಿಯುವಂತೆ ನೋಡಿಕೊಂಡೆ. ಗಾಳಿಗೆ ಅಲುಗದಂತೆ ಎರಡು ಕಡೆ ಗೂಟ, ಬುಡಕ್ಕೆ ಕಬ್ಬಿನ ರವದಿಯ ದಪ್ಪ ಹಾಸು. ಮೊದಲ ಎರಡು ಬೇಸಿಗೆ ಮೇಲೆ ನೆರಳಿನ ಬಲೆ. ನಾಯಿಗೆಂದು ಸುತ್ತ ತಂತಿ. ಕಾಯಿ ಬರುವುದಕ್ಕೆ ಇನ್ನೂ ವರ್ಷಗಳಿವೆ, ಆದರೂ ಈಗಲೇ ಇರಲಿ ಎಂದು ಮಗ ಕಟ್ಟಿದ.

ಪಕ್ಕದ ಹೊಲದ ಕಾಕಾ ಬಂದು ನೋಡಿದರು. ಅವರ ಕೈಯಲ್ಲೂ ಅದೇ ಬಣ್ಣದ ಹಾಳೆ, ಎರಡು ಎಕರೆಗೆ ಮುಂಗಡ ಕೊಡುವ ಮಾತಾಗಿದೆಯಂತೆ. ಮಗ ಒಳಗೆ ಹೋಗಿ ಮಣ್ಣಿನ ಕಾಗದ, ಸಿದ್ದಾಪುರದಲ್ಲಿ ಬರೆದುಕೊಂಡ ಲೆಕ್ಕ ಎರಡನ್ನೂ ತಂದು, ಜಗುಲಿಯ ಮೇಲೆ ಕೂತು ಒಂದೊಂದೇ ಸಾಲು ಓದಿ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಕಾಕಾ ಮೊದಲು ತಮ್ಮ ಹೊಲದ ಮಣ್ಣು ತೋರಿಸಿ ಬರುವುದಾಗಿ ಒಪ್ಪಿದ್ದಾರೆ. ಬುಧವಾರ ಇಬ್ಬರೂ ಅರಭಾವಿಗೆ ಹೋಗುತ್ತಾರೆ.